ಕಮಲಾಬಾಯಿಯವರ ಹಯಾತಿ

೧೨ ಫೆಬ್ರುವರಿ ೧೯೫೫, ಬೈಲಹೊಂಗಲ

ಇಂದಿನಿಂದ ನಾನು ಮನೆಯ ಮಾಲಕ! ಸಬ್‌ರಜಿಸ್ಟ್ರಾರ ಕಚೇರಿಯಲ್ಲಿ ಸಹಿ ಮಾಡಿ ರೊಕ್ಕ ಎಣಿಸಿ ಕೊಟ್ಟೆ. ಹದಿನೇಳು ವರ್ಷ ಬಸ್ಸಿನ ಸ್ಟೇರಿಂಗ್ ಹಿಡಿದು ಕೂಡಿಟ್ಟ ರೊಕ್ಕ ಅದು.

ಮದುವೆಯಾದ ಮೇಲೆ ಬೇಗಂಬಿ ಏಳು ಬಾಡಿಗೆ ಮನೆ ಕಂಡಿದ್ದಾಳೆ. ಒಂದು ಕಡೆ ಹೆರಿಗೆಯಾದ ಹನ್ನೆರಡನೆಯ ದಿನಕ್ಕೆ ಮನೆ ಬಿಡಿಸಿದರು. ಆ ಕೂಸು ಉಳಿಯಲಿಲ್ಲ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಅಂತ ಡಾಕ್ಟರು ಹೇಳಿದರು. ಬೇಗಂಬಿ ನಂಬಲಿಲ್ಲ, ನಾನೂ ನಂಬಲಿಲ್ಲ. ಇವತ್ತು ಹೊಸ್ತಿಲ ಮೇಲೆ ಕಾಲು ಚಾಚಿ ಕುಳಿತು, "ಇನ್ನ ಯಾರ ಬಿಡಸ್ತಾರ ಬರ್ಲಿ, ನೋಡತೇನಿ" ಅಂದಳು.

ಮಾರಿದವಳು ಕಮಲಾಬಾಯಿ, ಬ್ರಾಹ್ಮಣರ ವಿಧವೆ, ಅರವತ್ತು ದಾಟಿದಾಕೆ. ಮಕ್ಕಳಿಲ್ಲ. ಗಂಡ ಅಣ್ಣನಿಂದ ಬೇರೆಯಾದಾಗ ಅವನ ಪಾಲಿಗೆ ಬಂದ ಮನೆ ಇದು. ತನ್ನ ತಮ್ಮನ ಮಗಳು ಲೀಲಾಬಾಯಿಯನ್ನು ಧಾರವಾಡದಲ್ಲಿಟ್ಟು ಓದಿಸಬೇಕು ಅನ್ನುವ ಹಟಕ್ಕೆ ಮಾರಿದಳು. ತಾನು ಇರುವತನಕ ಹಿಂದಿನ ಕೋಣೆಯಲ್ಲಿರುತ್ತೇನೆ, ಬಾವಿಯ ನೀರು ಬೆಳಿಗ್ಗೆ ಮೊದಲು ನಾನೇ ಸೇದುತ್ತೇನೆ ಅಂತ ಷರತ್ತು. ಇರಲಿ ಅಂದೆ.

ಕಾಗದದ ವಿಷಯದಲ್ಲಿ ನಾನು ಗಟ್ಟಿ. ಮಾಲಕಿ ತೋರಿಸುವ ಸರಕಾರಿ ಕಾಗದ ಉತಾರದಲ್ಲಿ ಆಕೆಯ ಹೆಸರೊಂದೇ ಇದೆ, ಕಣ್ಣಾರೆ ನೋಡಿಯೇ ಕೊಂಡೆ. ನಮ್ಮಪ್ಪ ತೀರಿದ ಮೇಲೆ ಸವದತ್ತಿಯ ಮನೆಯಲ್ಲಿ ನಮ್ಮವ್ವ ಕಾಶಿಂಬಿಗೆ ಅವಳ ಹಿಸ್ಸೆ ಬಂತು. ಅದನ್ನು ಅವಳು ಯಾರನ್ನೂ ಕೇಳದೆ ಮಾರಿದಳು, ಯಾರೂ ಚಕಾರ ಎತ್ತಲಿಲ್ಲ. ವಿಧವೆಯ ಹಿಸ್ಸೆ ವಿಧವೆಯದು.

ಇನ್ನೊಂದು ಜಾಣತನ ಮಾಡಿದೆ. ಸಾಬ ವಿಧವೆಯ ಅಡಚಣೆ ನೋಡಿ ಮನೆ ಹೊಡೆದ ಅಂತ ಓಣಿಯಲ್ಲಿ ಮಾತು ಬರಬಾರದು. ಅದಕ್ಕೆ ಪತ್ರ ಬರೆಯುವ ನಿಜಗುಣಪ್ಪನಿಗೆ ಹೇಳಿ ಬರೆಸಿದೆ: 'ನನಗೆ ಯಾವ ಅಡಚಣೆಯೂ ಇಲ್ಲ, ಕೇವಲ ಸ್ವಖುಷಿಯಿಂದ ಮಾರಿರುತ್ತೇನೆ.' ಅವನು ಲೇಖನಿ ತಡೆದು, "ಏನರೆ ಒಂದ ಕಾರಣಾ ಹಾಕೂಣಲ್ರಿ, ಎಲ್ಲಾರೂ ಹಾಕಸ್ತಾರ" ಅಂದ. ನಾನು ಗದರಿಸಿದೆ. "ನನ್ನ ಮರ್ಯಾದಿ ಪ್ರಶ್ನೆ ಐತಿ. ಹೇಳಿದಷ್ಟ ಬರಿ."

೨ ಮಾರ್ಚ್

ಈ ಮುದುಕಿಯ ಮಡಿ ನನ್ನ ಪ್ರಾಣ ತಿನ್ನುತ್ತಿದೆ. ಬೇಗಂಬಿ ಅಂಗಳ ದಾಟಿದರೆ ಹಿಂದಿನಿಂದ ಒಂದು ತಂಬಿಗೆ ನೀರು ಚೆಲ್ಲುತ್ತಾಳೆ. ಕೋಳಿ ಸಾಕಬೇಡಿ ಅಂದಳು, ಸಾಕಲಿಲ್ಲ. ಮೀನು ತರಬೇಡಿ ಅಂದಳು, ಅದನ್ನೂ ಬಿಟ್ಟೆವು. ಮನೆ ಯಾರದು ಅಂತ ಒಮ್ಮೆ ಕೇಳಬೇಕು.

ಕೆಮ್ಮು ಜೋರಾಗಿದೆ. ಅಲ್ಲಾ ಕ್ಷಮಿಸಲಿ, ಹಿಂದಿನ ಕೋಣೆ ಖಾಲಿಯಾದರೆ ಅಲ್ಲಿ ಒಂದು ಎಮ್ಮೆ ಕಟ್ಟಬಹುದು.

೫ ಏಪ್ರಿಲ್

ರಾಮದುರ್ಗದಿಂದ ರಜಿಸ್ಟರ್ ಪತ್ರ. ಬರೆದವನು ದಿಗಂಬರ, ಕಮಲಾಬಾಯಿಯ ಭಾವನ ಮಗ. ಬಹಳ ಸಭ್ಯ ಬರವಣಿಗೆ. 'ನಮ್ಮ ಕಾಕು ಕಮಲಾಬಾಯಿಯವರ ನಂತರ ಸದರಿ ಮನೆಯ ವಾರಸು ನಾನು. ತಾವು ಮನೆಗೆ ಖರ್ಚು ಮಾಡಬಾರದು, ಪರಭಾರೆ ಮಾಡಬಾರದು.'

ಯಾವ ಊರಿನ ದಿಗಂಬರ ಇವನು! ನಾಳೆ ವಕೀಲರಿಗೆ ತೋರಿಸಿ ಇವನ ಸೊಕ್ಕು ಇಳಿಸುತ್ತೇನೆ.

೬ ಏಪ್ರಿಲ್

ಸೊಕ್ಕು ಇಳಿದದ್ದು ನನ್ನದು.

ನೀಲಕಂಠರಾವ ವಕೀಲರು ಕಾಗದವನ್ನು ಎರಡು ಸಲ ಓದಿ ಕನ್ನಡಕ ತೆಗೆದಿಟ್ಟರು. "ಲಾಲಸಾಬ, ಮಾಲಕಿ ಅಂದರ ಒಂದ ನಮೂನಿ ಇರೂದಿಲ್ಲ. ಸ್ವಂತ ಗಳಿಸಿದ್ದು ಇರತದ, ಅದನ್ನ ಮನಸಿಗೆ ಬಂದವರಿಗೆ ಕೊಡಬಹುದು. ಅಣ್ಣತಮ್ಮಂದಿರು ಏಕತ್ರ ಇದ್ದದ್ದು ಇರತದ, ಅದಕ್ಕ ಎಲ್ಲಾರ ಸಹಿ ಬೇಕು. ಚಾಕರಿಗೆ ಸರಕಾರ ಕೊಟ್ಟ ವತನದ್ದು ಇರತದ, ಅದಕ್ಕ ಸರಕಾರನ್ನ ಕೇಳಬೇಕು. ಇದು ಇನ್ನೊಂದ ನಮೂನಿ, ವಿಧವಿ ಕೈಯಾಗಿನ ಗಂಡನ ಆಸ್ತಿ. ನಮ್ಮ ಹಿಂದೂಗಳೊಳಗ ಅದು ಆಕಿ ಹಯಾತಿತನಕ ಮಾತ್ರ. ಆಮ್ಯಾಲೆ ಗಂಡನ ಕಡಿಯವರಿಗೆ."

"ಉತಾರದಾಗ ಆಕಿ ಹೆಸರ ಐತಲ್ರಿ!"

"ಹೆಸರು ಅದ. ಎಂಥಾ ಹೆಸರು ಅನ್ನೂದು ಉತಾರ ಹೇಳೂದಿಲ್ಲ."

"ಆದರ ಆಕಿ ಮಾರಿದ್ದು ರಜಿಸ್ಟರ ಆಗೇತ್ರಿ."

"ಗಂಡನ ಸಾಲ ಅಂತನೋ, ಹೊಟ್ಟಿಗಿಲ್ಲ ಅಂತನೋ ತಕ್ಕ ಕಾರಣಕ್ಕ ಮಾರಿದ್ದರ ಅದು ಕಾಯಂ ನಿಮ್ಮದಾಗತಿತ್ತು. ಇಲ್ಲಿ ಏನ್ ಬರದದ? ಯಾವ ಅಡಚಣೆಯೂ ಇಲ್ಲ, ಸ್ವಖುಷಿ. ಇದನ್ನ ಬರಸಿದ ಪುಣ್ಯಾತ್ಮ ಯಾರು?"

"ನಾನರೀ" ಅಂದೆ.

ಅವರು ನಗಲಿಲ್ಲ. "ನೀವು ಮನಿ ಕೊಂಡಿಲ್ಲ. ಕಮಲಾಬಾಯಿಯವರ ಆಯುಷ್ಯ ಕೊಂಡೀರಿ. ಅವರು ಇರೂತನಕ ಮನಿ ನಿಮ್ಮದು" ಅಂದರು.

ಮೋಸಗಾತಿ ಮುದುಕಿ! ಮೈಯೆಲ್ಲ ಉರಿಯುತ್ತ ಮನೆಗೆ ಬಂದು ನೇರ ಹಿಂದಿನ ಕೋಣೆಗೆ ಹೋದೆ. ಆಕೆ ಬತ್ತಿ ಹೊಸೆಯುತ್ತ ಕುಳಿತಿದ್ದಳು. ಬಾಯಿ ತೆರೆದೆ. ಆಗ ಹೊಳೆಯಿತು, ನಾನು ಬೈದು ಈಕೆಯ ಎದೆ ಒಡೆದರೆ? ಇವತ್ತೇ ಮನೆ ಹೋಯಿತು.

"ಏನಪಾ ಲಾಲಸಾಬ?" ಅಂದಳು.

"ಏನಿಲ್ರಿ ಬಾಯಾರ. ಆರಾಮ ಅದೀರೇನ್ರಿ ಅಂತ ಕೇಳಾಕ ಬಂದೆ" ಅಂದು ಹಲ್ಲು ಕಿಸಿದು ಬಂದೆ.

೯ ಏಪ್ರಿಲ್

ರಾತ್ರಿ ಹನ್ನೊಂದು ಸಲ ಕೆಮ್ಮಿದಳು.

೨೦ ಏಪ್ರಿಲ್

ಮಾರಿಬಿಡೋಣ ಅಂದರೆ ಗೊತ್ತಿದ್ದೂ ಕೊಳ್ಳುವ ಹುಚ್ಚ ಯಾರು? ಗೊತ್ತಿಲ್ಲದವನಿಗೆ ಮಾರಿದರೆ ನಾನು ಮನುಷ್ಯನೇ? ಕೊಟ್ಟ ರೊಕ್ಕವನ್ನು ತಿರುಗಿ ಕೇಳೋಣ ಅಂದರೆ ಅದು ಆಗಲೇ ಧಾರವಾಡದ ಶಾಲೆಗೂ ಊಟದ ಮನೆಗೂ ಹೋಗಿದೆ. ಎಲ್ಲ ಕಡೆ ಬಾಗಿಲು ಹಾಕಿದೆ, ನಾನು ಒಳಗೆ.

ಬೇಗಂಬಿಗೆ ಹೇಳಿದೆ. "ಹಂಗಾರ ಆಕೀನ್ನ ಛಲೋ ನೋಡ್ಕೊಳ್ಳೂಣು" ಅಂದಳು. ಹೇಗೆ ನೋಡಿಕೊಳ್ಳುವುದು? ಸತ್ತರೂ ನಮ್ಮ ಕೈನೀರು ಮುಟ್ಟುವವಳಲ್ಲ. ಸಿಪ್ಪೆ ಇದ್ದ ಹಣ್ಣು ಮಾತ್ರ ನಡೆಯುತ್ತದೆಯಂತೆ.

ಕಿತ್ತೂರ ಸಂತೆಯಿಂದ ಬಾಳೆಗೊನೆ ತಂದು ಕಟ್ಟೆಯ ಮೇಲಿಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತೆ. ಆಕೆ ನೀರು ಚಿಮುಕಿಸಿ ಎತ್ತಿಕೊಂಡಳು. "ನಿನಗ್ಯಾಕಪಾ ಈ ತ್ರಾಸು? ದೇವರು ನಿನ್ನ ಛಲೋ ಇಡಲಿ" ಅಂದಳು. ನನ್ನ ಮುಖ ನನಗೇ ಬೇಡವಾಯಿತು.

೧೭ ಮೇ

ರಂಜಾನಿನ ರೋಜಾ. ರಾಮದುರ್ಗದ ಟ್ರಿಪ್ಪಿನಲ್ಲಿ ಎಂಜಿನ್ನಿನ ಕಾವು, ಮೇಲೆ ಬಿಸಿಲು. ಮನೆಗೆ ಬಂದರೆ ಕಮಲಾಬಾಯಿಯದೂ ಏಕಾದಶಿಯ ನಿರ್ಜಲ. "ಈ ಬಿಸಲಾಗ ಒಂದ ಗುಟುಕು ನೀರರೆ ಕುಡೀರಿ ಬಾಯಾರ, ವಯಸ್ಸಾಗೇತಿ" ಅಂದೆ.

"ನೀ ಕುಡದೇನು?"

"ಇಲ್ರಿ."

"ಮತ್ತ ನನಗ್ಯಾಕ ಹೇಳ್ತಿ?"

ಜಗಳಗಂಟಿ. ಸಂಜೆ ನಮ್ಮ ಬಾಂಗು ಆದಾಗ ಆಕೆ ಒಳಗಿನಿಂದ, "ಲಾಲಸಾಬ, ಹೊತ್ತಾತು, ಉಣ್ಣಪಾ" ಅಂತ ಕೂಗಿದಳು. ತಾನು ಮಾತ್ರ ಮರುದಿನದವರೆಗೆ ಹಾಗೇ.

೧೪ ಆಗಸ್ಟ್

ದಿಗಂಬರ ಬಂದಿದ್ದ. ಸಣಕಲು ಮನುಷ್ಯ, ಮೆತ್ತಗಿನ ಮಾತು. ಕಾಕುವಿನ ಕೈಯಡಿಗೆ ಉಂಡು ಪಡಸಾಲೆಗೆ ಬಂದು ಮೇಲೆ ನೋಡುತ್ತ ನಿಂತ. ತುಟಿ ಅಲುಗುತ್ತಿತ್ತು. ತೊಲೆ ಎಣಿಸುತ್ತಿದ್ದ!

"ಕಾಕೂಗ ಕೆಮ್ಮು ಭಾಳ ಅದ ಏನ್ರಿ?" ಅಂದ.

"ಏನಿಲ್ರಿ. ಕುದರಿ ಹಂಗ ಅದಾರ" ಅಂದೆ.

ಅವನು ನಕ್ಕ, ನಾನೂ ನಕ್ಕೆ. ಇಬ್ಬರೂ ಒಂದೇ ಕೆಮ್ಮಿಗೆ ಕಿವಿ ಕೊಟ್ಟು ಕುಳಿತವರು. ಅವನು ಹೋದ ಮೇಲೆ ಅಂಗಳಕ್ಕೆ ನಾನೇ ಒಂದು ಕೊಡ ನೀರು ಹೊಡೆದೆ. ಬೇಗಂಬಿ ಬಿದ್ದು ಬಿದ್ದು ನಕ್ಕಳು.

೧೧ ಜನವರಿ ೧೯೫೬

ಬಾಯಿಯವರಿಗೆ ನಾಲ್ಕು ದಿನದಿಂದ ಜ್ವರ. ಡಾಕ್ಟರು ಕೊಟ್ಟ ಬಾಟಲಿ ಔಷಧ ಮುಟ್ಟಲಿಲ್ಲ. ಅದರಲ್ಲಿ ಯಾರ ನೀರಿದೆಯೋ ಅಂತ! ಡಾಕ್ಟರ ಮುಂದೆ ನಿಂತು ನಾನು ಕೂಗಾಡಿದೆ. "ಪುಡಿ ಕೊಡ್ರಿ, ಪುಡಿ. ಪುಡಿಗೇನ್ ಜಾತಿ ಐತೇನ್ರಿ?" ಕೊನೆಗೆ ಪುಡಿ ಕಟ್ಟಿಸಿಕೊಂಡು ಬಂದೆ. ಮಲಗಿದಲ್ಲಿಂದಲೇ ಕೈ ಚಾಚಿ ತಮ್ಮ ತಂಬಿಗೆಯ ನೀರಿನಲ್ಲಿ ನುಂಗಿದರು. ಬಾವಿ ನೀರು ತುಂಬಿಕೊಡಲು ಗುಡಿಯ ಪೂಜಾರಿ ವೆಂಕಣ್ಣನನ್ನು ಕಾಡಿ ಬೇಡಿ ಕರೆದುತಂದೆ.

ಬೇಗಂಬಿ ಇಡೀ ದಿನ ಹೊಸ್ತಿಲ ಹೊರಗೆ ಕುಳಿತು ಏನೇನೋ ಹರಟುತ್ತಿದ್ದಳು. ಆ ಉಳಿಯದ ಕೂಸಿನ ಸುದ್ದಿಯನ್ನೂ ಹೇಳಿದಳಂತೆ. ನನ್ನ ಹತ್ತಿರ ಕೂಡ ಅವಳು ಅದನ್ನು ಆಡುವುದಿಲ್ಲ.

೧೪ ಜನವರಿ

ಜ್ವರ ಇಳಿಯಿತು. ಮೂರು ದಿನ ಡ್ಯೂಟಿಗೆ ಹೋಗಲಿಲ್ಲ ಅಂತ ಕಂಟ್ರೋಲರು ಬೈದರು. ಮನೆಯ ಪ್ರಶ್ನೆ ಸಾಹೇಬರೇ, ಮನೆ ಹೋದರೆ ನೀವು ಕೊಡುತ್ತೀರಾ ಅಂದೆ.

೬ ಮಾರ್ಚ್

ಸವದತ್ತಿಗೆ ಬದಲಿ, ಬಡ್ತಿ ಸಹಿತ. ಒಲ್ಲೆ ಅಂತ ಬರೆದುಕೊಟ್ಟೆ. ಯಲ್ಲಮ್ಮನ ಗುಡ್ಡಕ್ಕೆ ಹೋಗುವ ಜನರನ್ನು ದಿನಾ ಹೊತ್ತು ಒಯ್ಯುತ್ತೇನೆ, ನಾನು ಮಾತ್ರ ಈ ಅಂಗಳ ದಾಟುವಂತಿಲ್ಲ. ನಾವು ಹೋದರೆ ಅವರನ್ನು ನೋಡುವವರು ಯಾರು?

೮ ಜುಲೈ

ವಕೀಲರು ಕರೆಸಿದ್ದರು. ದಿಲ್ಲಿಯಲ್ಲಿ ಹೊಸ ಕಾಯಿದೆ ಆಗಿದೆಯಂತೆ. ಇನ್ನು ಮೇಲೆ ವಿಧವೆಯ ಕೈಯಲ್ಲಿದ್ದ ಆಸ್ತಿ ಪೂರ್ತಿ ಅವಳದೇ, ಹಯಾತಿಯ ಮಾತೇ ಇಲ್ಲ. ನಾನು ಕುರ್ಚಿಯಿಂದ ಎದ್ದೇಬಿಟ್ಟೆ.

"ಕುಂದರ್ರಿ" ಅಂದರು. "ಆಕಿ ಕೈಯಾಗ ಇದ್ದದ್ದಕ್ಕ ಮಾತ್ರ. ಈ ಮನಿ ಆಕಿ ಕೈಯಾಗ ಎಲ್ಲೆ ಅದ? ನೀವು ಮೊದಲ ಕೊಂಡಬಿಟ್ಟೀರಿ. ನಿಮಗ ಹಳೇ ಕಾಯಿದೇನ."

ಒಂದೂವರೆ ವರ್ಷ ತಡೆದು ಕೊಂಡಿದ್ದರೆ ಆಗುತ್ತಿತ್ತು. ನನ್ನ ದೈವವೇ!

ಒಂದು ದಾರಿ ಇದೆ ಅಂದರು. ಮನೆಯನ್ನು ನಾನು ಅವರಿಗೆ ತಿರುಗಿ ಬರೆದುಕೊಡಬೇಕು. ಆಗ ಅವರು ಪೂರ್ತಿ ಮಾಲಕರು. ಆಮೇಲೆ ಅವರು ನನಗೆ ಮತ್ತೆ ಬರೆದುಕೊಟ್ಟರೆ ಕಾಯಂ. "ಆದರ ಒಂದ ದಿನ ಎರಡೂ ಪತ್ರಾ ಮಾಡಿದರ ಕೋರ್ಟಿನವರು ನಾಟಕ ಅಂತಾರ. ನಡುವ ತಿಂಗಳೊಪ್ಪತ್ತು ಹೋಗಬೇಕು. ಆ ತಿಂಗಳದಾಗ ಅವರು ದಿಗಂಬರಗ ಬರದ ಕೊಟ್ಟರ ನೀವು ಬೀದಿ ಪಾಲು. ಸಹಿ ಮಾಡದನ ತೀರಿ ಹೋದರೂ ಮನಿ ದಿಗಂಬರಗ. ವಿಚಾರ ಮಾಡ್ರಿ."

೧೫ ಜುಲೈ

ವಿಚಾರ ಮಾಡಿ ತಲೆ ಒಡೆಯುತ್ತಿದೆ. ಕೊಡದಿದ್ದರೆ ಅವರು ಹೋದ ದಿನ ಮನೆ ಹೋಗುತ್ತದೆ, ಕೊಟ್ಟರೆ ಈಗಲೇ ಹೋಗುತ್ತದೆ. ದಿಗಂಬರನಿಗೂ ಕಾಯಿದೆಯ ವಾಸನೆ ಬಡಿದಿದೆ. ಹೋದವಾರ ಕಾಕುವಿಗೆ ಪೇಢೆ ತಂದಿದ್ದ.

ಏನೇ ಮಾಡಿದರೂ ಅವರಿಗೆ ಹೇಳಲೇಬೇಕು.

೧೬ ಜುಲೈ

ಹೇಳಿದೆ. ಮೊದಲಿನಿಂದ ಕೊನೆತನಕ, ಕಟ್ಟೆಯ ಕೆಳಗೆ ನಿಂತು. ಅವರು ಬತ್ತಿ ಹೊಸೆಯುವುದನ್ನು ನಿಲ್ಲಿಸಲಿಲ್ಲ. ಮುಗಿದ ಮೇಲೆ ಕೇಳಿದರು:

"ಹಂಗಾರ ನಿನಗ ಇದು ಹ್ವಾದ ವರ್ಷ ಯುಗಾದಿಯಿಂದ ಗೊತ್ತದ?"

"ಹೌದ್ರಿ."

"ಬಾಳೆಹಣ್ಣು ತಂದದ್ದು, ಪುಡಿ ತಂದದ್ದು, ವೆಂಕಣ್ಣನ್ನ ಕರದದ್ದು... ನಾ ಏನ ತಿಳದಿದ್ದೆ, ಲಾಲಸಾಬ. ಇದೆಲ್ಲಾ ಈ ಮನಿ ಗ್ವಾಡಿಗೇನು?"

ಇಲ್ಲ ಅನ್ನಬೇಕಿತ್ತು. ಅವರ ಮುಂದೆ ಸುಳ್ಳು ಬರಲಿಲ್ಲ. "ಹೌದ್ರಿ ಬಾಯಾರ" ಅಂದೆ.

ಅವರು ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

೨೦ ಜುಲೈ

ನಾಲ್ಕು ದಿನವಾಯಿತು, ಮಾತಿಲ್ಲ. ಇಟ್ಟ ಹಣ್ಣು ಕಟ್ಟೆಯ ಮೇಲೇ ಕಪ್ಪಾಗಿದೆ. ನಾನೇನು ಕೊಲೆ ಮಾಡಿದೆನೇ? ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಆದರೂ ಇವತ್ತು ಎಂ.ಕೆ. ಹುಬ್ಬಳ್ಳಿಯ ಸೇತುವೆಯ ಹತ್ತಿರ ಬಸ್ಸನ್ನು ತಪ್ಪು ಬದಿಗೆ ಒಯ್ದೆ. ಕಂಡಕ್ಟರು ಕೂಗದಿದ್ದರೆ ಮಲಪ್ರಭೆಯ ಪಾಲಾಗುತ್ತಿದ್ದೆವು. ಊಟ ಸೇರುತ್ತಿಲ್ಲ.

೨೦ ಆಗಸ್ಟ್

ಮನೆಯನ್ನು ಬಾಯಿಯವರಿಗೆ ಬರೆದುಕೊಟ್ಟೆ. ಬೇಗಂಬಿ ಹೇಳಿದ್ದು ಒಂದೇ ಮಾತು: "ಆಕಿ ಅಂಥಾಕಿ ಅಲ್ಲ."

ಸಬ್‌ರಜಿಸ್ಟ್ರಾರ ಮುಂದೆ ಅವರು ಹೆಬ್ಬೆಟ್ಟು ಒತ್ತಲಿಲ್ಲ, ನಿಧಾನವಾಗಿ ಕನ್ನಡದಲ್ಲಿ ಸಹಿ ಮಾಡಿದರು. ಹೊರಗೆ ಬಂದ ಮೇಲೆ, ತಿಂಗಳ ಮೇಲೆ ಮೊದಲ ಬಾರಿ ನನ್ನ ಮುಖ ನೋಡಿ ಮಾತಾಡಿದರು. "ವಕೀಲರು ಒಂದ ತಿಂಗಳು ಅಂದಾರ. ಅಷ್ಟೊತ್ತಿಗೆ ಪಿತೃಪಕ್ಷ ಬರತದ, ಅದರಾಗ ಬ್ಯಾಡ. ನವರಾತ್ರಿ ಘಟ್ಟ ಕೂತ ಮರುದಿನ ನಿನಗ ಬರದ ಕೊಡತೇನಿ."

ಈಗ ನಾವು ಬಾಡಿಗೆಯವರೂ ಅಲ್ಲ, ಮಾಲಕರೂ ಅಲ್ಲ.

೨೮ ಸಪ್ಟೆಂಬರ್, ಧಾರವಾಡ

ಆಸ್ಪತ್ರೆಯ ಪಡಸಾಲೆಯಲ್ಲಿ ಕುಳಿತು ಬರೆಯುತ್ತಿದ್ದೇನೆ. ಬೆಳಿಗ್ಗೆ ಬಾಯಿಯವರು ಬಾವಿಕಟ್ಟೆಯ ಮೇಲೆ ಕುಸಿದರು. ಎದೆಯಲ್ಲಿ ಗೊರಗೊರ ಸದ್ದು, ಮೈ ಕೆಂಡ. ಡಾಕ್ಟರು ಬಂದು ನೋಡಿ, "ನ್ಯುಮೋನಿಯಾ. ಈಗಿಂದೀಗ ಧಾರವಾಡಕ್ಕ ಒಯ್ರಿ, ಒಂದೊಂದ ತಾಸೂ ಲೆಕ್ಕದ್ದು" ಅಂದರು.

ಅದೇ ಹೊತ್ತಿಗೆ ಸುದ್ದಿ ಕೇಳಿ ನೀಲಕಂಠರಾವ ವಕೀಲರು ತಮ್ಮ ಮೋಟಾರು ತೆಗೆದುಕೊಂಡು ಬಂದರು. ಕೈಯಲ್ಲಿ ಕಾಗದ. "ಲಾಲಸಾಬ, ಪತ್ರಾ ತಯಾರ ಅದ. ಅವರಿಗೆ ಇನ್ನೂ ಎಚ್ಚರ ಅದ. ಮೋಟಾರ ತಗೊಂಡ ಹೋಗಿ ಸಬ್‌ರಜಿಸ್ಟ್ರಾರನ್ನ ಮನಿಗೆ ಕರಕೊಂಡ ಬರ್ರಿ. ಎರಡ ತಾಸಿನ ಕೆಲಸ."

ನಾನು ಕೀಲಿ ಇಸಿದುಕೊಂಡು ಒಳಗೆ ಹೋದೆ. "ಬಾಯಾರ, ಮುಟ್ಟತೇನ್ರಿ" ಅಂದೆ. ಅವರು ಕಣ್ಣು ತೆರೆದು ನನ್ನನ್ನು ನೋಡಿ, "ಎತ್ತಪಾ" ಅಂದರು. ಹತ್ತಿಯ ಹಾಗೆ ಹಗುರ ಇದ್ದರು. ಹಿಂದಿನ ಸೀಟಿನಲ್ಲಿ ಬೇಗಂಬಿಯ ತೊಡೆಯ ಮೇಲೆ ಮಲಗಿಸಿ ಕಿತ್ತೂರ ದಾರಿ ಹಿಡಿದೆ. ಅಷ್ಟು ಜೋರಾಗಿ ಜನ್ಮದಲ್ಲಿ ಗಾಡಿ ಓಡಿಸಿಲ್ಲ.

ಆಸ್ಪತ್ರೆಯ ಕಾರಕೂನ ಹೆಸರು ಬರೆದುಕೊಂಡ. ರೋಗಿ ಕಮಲಾಬಾಯಿ, ಕರೆತಂದವರು ಲಾಲಸಾಬ. "ಇವರು ನಿಮಗ ಏನಾಗಬೇಕು?" ಅಂದ. ಮಾರಿದವರು ಅನ್ನಲೋ, ಕೊಂಡವರು ಅನ್ನಲೋ! "ನಮ್ಮ ಮನ್ಯಾಗಿನ ಹಿರ್ಯಾರು" ಅಂದೆ. ಅವನು ಲೇಖನಿ ಕೆಳಗಿಟ್ಟು ನನ್ನನ್ನು ದಿಟ್ಟಿಸಿದ. "ಬರಕೋರಿ ಲಗೂನ" ಅಂತ ಗದರಿದೆ.

ಈಗ ಬೇಗಂಬಿ ಕೇಳುತ್ತಾಳೆ, ಸಬ್‌ರಜಿಸ್ಟ್ರಾರ ಕಚೇರಿ ದಾರಿಯಲ್ಲೇ ಇತ್ತಲ್ಲ, ಒಂದು ಗಳಿಗೆ ನಿಲ್ಲಿಸಬಹುದಿತ್ತಲ್ಲ ಅಂತ. ಎಂಥ ಪ್ರಶ್ನೆ! ಆ ಉಸಿರಾಟ ಕೇಳುತ್ತ ಯಾರು ನಿಲ್ಲಿಸುತ್ತಾರೆ?

೨೯ ಸಪ್ಟೆಂಬರ್

ಸ್ವಲ್ಪ ಎಚ್ಚರ. ಲೀಲಾಬಾಯಿ ಬಂದಿದ್ದಾಳೆ. ಕಲಿಕೆ ಇನ್ನೇನು ಮುಗಿಯುತ್ತದೆ, ನೌಕರಿಯೂ ಗೊತ್ತಾಗಿದೆಯಂತೆ. ಅತ್ತೆಯ ಕೈ ಹಿಡಿದು ಅಳುತ್ತ ಕುಳಿತಿದ್ದಳು. ಬಾಯಿಯವರು ನನ್ನನ್ನು ಹತ್ತಿರ ಕರೆದರು.

"ಆ ಸಹಿ ಆತೇನೋ? ನನಗ ನೆನಪಿಲ್ಲ."

"ಇಲ್ರಿ. ಸೀದಾ ಇಲ್ಲಿಗೆ ಬಂದ್ವಿ."

"ವಕೀಲರ ಮೋಟಾರ ಇತ್ತಲ್ಲ?"

"ಅದರಾಗ ನಿಮ್ಮನ್ನ ಕರಕೊಂಡ ಬಂದೆ."

"ಗ್ವಾಡಿ ಬಿಟ್ಟು ನನ್ನ ಹೊತಗೊಂಡ ಬಂದಿ? ಹುಚ್ಚಪ್ಪ" ಅಂದರು. ಕಣ್ಣಲ್ಲಿ ನೀರು ಇಳಿಯಿತು. "ಸೋಮವಾರ ಕಾಗದಾ ತರಸು. ಪಕ್ಷ ಇದ್ದರ ಇರಲಿ" ಅಂದರು. ಆಮೇಲೆ ಬಾಯಿ ಒಣಗಿದೆ ಅಂತ ಬೇಗಂಬಿಯ ಕಡೆ ಕೈ ಮಾಡಿದರು. ಬೇಗಂಬಿ ಗಾಬರಿಯಾಗಿ ಲೀಲಾಬಾಯಿಯ ಮುಖ ನೋಡಿದಳು. "ನೀನ ಕೊಡವ್ವಾ" ಅಂದರು.

೩೦ ಸಪ್ಟೆಂಬರ್, ರವಿವಾರ

ಬೆಳಗಿನ ಜಾವ ಹೋದರು.

ದಿಗಂಬರ ಬಂದು ಮುಂದಿನದೆಲ್ಲ ಮಾಡಿದ. ನಾನು ಸ್ಮಶಾನದ ಗೇಟಿನ ಹೊರಗೆ ನಿಂತಿದ್ದೆ. ಒಳಗೆ ಬರಬೇಡಿ ಅಂತ ಯಾರೂ ಅನ್ನಲಿಲ್ಲ, ಬನ್ನಿ ಅಂತಲೂ ಅನ್ನಲಿಲ್ಲ. ಹೊಗೆ ಕಾಣಿಸಿದ ಮೇಲೆ ಅತ್ತುಬಿಟ್ಟೆ. ನಮ್ಮವ್ವ ಸತ್ತಾಗಲೂ ಹೀಗೆ ಜನರ ಮುಂದೆ ಅತ್ತಿರಲಿಲ್ಲ.

೨೧ ಅಕ್ಟೋಬರ್, ಬೈಲಹೊಂಗಲ

ದೀಪಾವಳಿಗೆ ಮುಂಚೆ ಮನೆ ಬಿಡಬೇಕು ಅಂತ ದಿಗಂಬರನ ಪತ್ರ. ಈಗಲೂ ಸಭ್ಯ ಬರವಣಿಗೆ.

ವಕೀಲರು ಒಂದು 'ಉಪಾಯ' ಹೇಳಿದರು. "ಬಾಯಿ ಮಾತಿಗೆ ಕೋರ್ಟಿನ್ಯಾಗ ಕಿಮ್ಮತ್ತಿಲ್ಲ. ಆದರ ಮೋಸಕ್ಕ ಅದ. 'ಮುದುಕಿ ನನಗ ಸುಳ್ಳು ಹೇಳಿ ಮನಿ ಬರಸ್ಕೊಂಡ್ಳು, ತಿರುಗಿ ಕೊಡೂ ಮನಸ ಆಕಿಗೆ ಇರಲೇ ಇಲ್ಲ' ಅಂತ ಪ್ರಮಾಣ ಮಾಡ್ರಿ. ಮನಿ ಮ್ಯಾಲೆ ಕೋರ್ಟಿನ ತಡಿಯಾಜ್ಞಾ ತರತೇನಿ. ನಿಮ್ಮ ರೊಕ್ಕಾ ಕೊಡದನ ದಿಗಂಬರ ಒಳಗ ಕಾಲ ಇಡಾಂಗಿಲ್ಲ."

"ಅವರು ಸುಳ್ಳ ಹೇಳಿಲ್ರಿ" ಅಂದೆ.

"ನನಗೂ ಗೊತ್ತದ. ಸತ್ತವರಿಗೇನ ಆಗೂದದ, ಲಾಲಸಾಬ? ಒಂದ ಮಾತು. ಬದುಕಿದ್ದವರು ನೀವಿಬ್ಬರು."

ಹದಿನೇಳು ವರ್ಷದ ದುಡಿತ ಹೋಯಿತು. ಹೊಟ್ಟೆ ಉರಿಯುತ್ತದೆ, ಇಲ್ಲ ಅನ್ನುವುದಿಲ್ಲ. ಆ ಮನುಷ್ಯ ಪಡಸಾಲೆಯಲ್ಲಿ ಕಾಲು ಚಾಚಿ ಮಲಗುವುದನ್ನು ನೆನೆದರೆ ಗೋಡೆಗೆ ತಲೆ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ. ಆದರೆ ಬಾಯಿಯವರು ಕೊಡುತ್ತೇನೆ ಅಂದಿದ್ದರು. ಸೋಮವಾರ ಅಂದಿದ್ದರು. ಒಂದು ದಿನ ಸಾಲದೆ ಹೋದದ್ದು ಅವರ ತಪ್ಪಲ್ಲ. ಅವರ ಹೆಸರನ್ನು ಕೋರ್ಟಿನಲ್ಲಿ ಹಾಗೆ ಎತ್ತುವುದಕ್ಕೆ ನನ್ನ ನಾಲಗೆ ಏಳುವುದಿಲ್ಲ. "ಒಲ್ಲೆರಿ" ಅಂದು ಎದ್ದು ಬಂದೆ.

ಬೇಗಂಬಿಗೆ ಹೇಳಲು ಹೆದರಿಕೆಯಾಯಿತು. ಇನ್ನೊಂದು ಬಾಡಿಗೆ ಮನೆಗೆ ಹೋಗಬೇಕಾದವಳು ಅವಳೇ. ಅವಳು ಪಾತ್ರೆ ಕಟ್ಟುತ್ತಿದ್ದ ಹರಿದ ಸೀರೆಯ ಗಂಟನ್ನು ಬಿಗಿದು, ನನ್ನ ಕಡೆ ನೋಡದೆ, "ನೀವು ಹೂಂ ಅಂದಿದ್ದರ ನಾ ನಿಮ್ಮ ಸಂಗತೇಲೆ ಬರತಿದ್ದಿಲ್ಲ" ಅಂದಳು.